ಮಳೆಯ ಲೆಕ್ಕ: ಹಳೆಯ ಮಾಪಕ ಹೋಗಿ ಹೊಸದು ಬರುವಾಗ



"ರಾತ್ರಿ ನಿಮ್ಮ ಕಡೆ ಮಳೆ ಹೆಂಗಾತು?" ಮುಂಗಾರಿನ ದಿನಗಳಲ್ಲಿ ಹೊಳಲಿನ ಕಟ್ಟೆಯ ಮೇಲೆ ಕುಳಿತವರಾಗಲಿ, ಹಡಗಲಿಯ ಬಸ್ಸಿಗೆ ಕಾದು ನಿಂತವರಾಗಲಿ ಮೊದಲು ಕೇಳುವ ಮಾತು ಇದೇ. ಉತ್ತರಗಳೂ ನಮಗೆ ಗೊತ್ತಿದ್ದವೇ. ಒಬ್ಬರು "ಹದ ಆತು" ಎನ್ನುತ್ತಾರೆ. ಇನ್ನೊಬ್ಬರು "ಅಂಗಳದ ಒರಳು ತುಂಬಿತು" ಎನ್ನುತ್ತಾರೆ. ಮತ್ತೊಬ್ಬರು "ಎಲ್ಲಿ ಬಂತು ಮಾರಾಯ, ಬರೇ ಧೂಳು ಅಡಗಿತು" ಎಂದು ಕೈ ಒದರುತ್ತಾರೆ. ಮೂವರ ಹೊಲಗಳಿಗೂ ನಡುವೆ ಇರುವುದು ಎರಡೇ ಹರದಾರಿ. ಮೂವರೂ ಸುಳ್ಳು ಹೇಳುವವರಲ್ಲ. ಆದರೆ ಮೂವರ ಮಾತನ್ನೂ ಕೂಡಿಸಿ ಒಂದು ಲೆಕ್ಕ ಮಾಡೋಣವೆಂದರೆ ಆಗುವುದಿಲ್ಲ. ಹದ ಎಂದರೆ ಎಷ್ಟು? ಒರಳು ಎಂದರೆ ಯಾರ ಮನೆಯ ಒರಳು?

ಈ ಪ್ರಶ್ನೆಗೆ ಉತ್ತರವಾಗಿ ಈಚಿನ ವರ್ಷಗಳಲ್ಲಿ ಕೆಲವು ಮನೆಗಳವರು ಅಂಗಳದಲ್ಲೋ ಹೊಲದ ಬದುವಿನ ಮೇಲೋ ಸ್ವಂತ ಮಳೆಮಾಪಕ ಇಟ್ಟುಕೊಂಡಿದ್ದಾರೆ. ಇನ್ನು ಕೆಲವರು ಗಾಳಿ, ಸೆಕೆ, ತೇವ ಎಲ್ಲವನ್ನೂ ತೋರಿಸುವ ಸಣ್ಣ ಹವಾಮಾನ ಕೇಂದ್ರವನ್ನೇ ತಂದಿದ್ದಾರೆ. ಈಗ ಅವುಗಳಿಗೂ ವಯಸ್ಸಾಯಿತು. ಬಿಸಿಲಿಗೆ ಪ್ಲಾಸ್ಟಿಕ್ಕು ಸೀಳಿದೆ, ಅಂಕಿ ತೋರಿಸುವ ಪರದೆ ಮಸುಕಾಗಿದೆ, ಗಾಳಿಯ ಬಟ್ಟಲು ಕಿರ್ರೆಂದು ತಿರುಗುತ್ತದೆ. "ಇದನ್ನು ತೆಗೆದು ಹೊಸದು ತರೋಣ. ಯಾವುದು ತರೋಣ?" ಎಂಬ ಮಾತು ಮನೆಯಲ್ಲಿ ಏಳುತ್ತದೆ. ಅಂಗಡಿಯವನು ತನ್ನಲ್ಲಿ ಇದ್ದುದನ್ನು ಹೊಗಳುತ್ತಾನೆ. ಆದರೆ ಮಾಪಕವನ್ನು ಬದಲಿಸುವುದು ಎತ್ತು ಬದಲಿಸಿದ ಹಾಗಲ್ಲ. ಹಳೆಯ ಎತ್ತು ಹೋದರೆ ಹೊಸ ಎತ್ತು ಅದೇ ಹೊಲ ಉಳುತ್ತದೆ. ಹಳೆಯ ಮಾಪಕ ಹೋಗಿ ಹೊಸದು ಬಂದಾಗ ಮಾತ್ರ, ನಾವು ಎಚ್ಚರ ತಪ್ಪಿದರೆ, ಹತ್ತಿಪ್ಪತ್ತು ವರ್ಷ ಬರೆದಿಟ್ಟ ಲೆಕ್ಕವೇ ನಡುವೆ ತುಂಡಾಗುತ್ತದೆ. ಅದು ಹೇಗೆ ಎಂದು ತಿಳಿಯಬೇಕಾದರೆ ಮಳೆ ಅಳೆಯುವ ಕೆಲಸದ ಹಳೆಯ ಕಥೆಯನ್ನು ಸ್ವಲ್ಪ ನೋಡಬೇಕು.

ಮೊದಲು ನಮ್ಮ ಸೀಮೆಯಿಂದಲೇ ಆರಂಭಿಸೋಣ. ಹೊಳಲಿನಲ್ಲಿ ಮಲಗಿರುವ ಅನಂತಶಯನನನ್ನು ನೀವು ನೋಡಿದ್ದೀರಿ. ಆಷಾಢದ ಏಕಾದಶಿಗೆ ಮಲಗಿದ ಸ್ವಾಮಿ ಕಾರ್ತಿಕದಲ್ಲಿ ಏಳುತ್ತಾನೆ ಎಂಬುದು ನಮ್ಮ ನಂಬಿಕೆ. ಅಂದರೆ ದೇವರು ಮಲಗುವ ನಾಲ್ಕು ತಿಂಗಳೇ ರೈತನು ಕಣ್ಣು ಮುಚ್ಚದೆ ದುಡಿಯುವ ನಾಲ್ಕು ತಿಂಗಳು. ಈ ಮೂರ್ತಿಯ ವಿಷಯವಾಗಿ ಜನ ಹೇಳುವ ಕಥೆಯೊಂದುಂಟು. ವಿಜಯನಗರದ ಅರಸನು ಹೊಸಪೇಟೆಯ ಹತ್ತಿರ ದೊಡ್ಡ ಗುಡಿ ಕಟ್ಟಿಸಿ ಈ ದೇವರನ್ನು ಅಲ್ಲಿಗೆ ಕರೆದನಂತೆ. "ಬರುತ್ತೇನೆ, ಆದರೆ ನೀನು ಹಿಂತಿರುಗಿ ನೋಡಬಾರದು" ಎಂದನಂತೆ ದೇವರು. ಅರಸನು ತಡೆಯಲಾರದೆ ಹಿಂತಿರುಗಿ ನೋಡಿದ. ದೇವರು ಹೊಳಲಿನಲ್ಲೇ ಮಲಗಿಬಿಟ್ಟ. ಅಲ್ಲಿ ಹಿಂತಿರುಗಿ ನೋಡಿದ್ದು ತಪ್ಪಾಯಿತು. ಮಳೆಯ ಲೆಕ್ಕದಲ್ಲಿ ಹಾಗಲ್ಲ; ಇಲ್ಲಿ ಹಿಂತಿರುಗಿ ನೋಡದವನೇ ಕೆಡುತ್ತಾನೆ.

ಹತ್ತಿರದಲ್ಲೇ ಮೈಲಾರವಿದೆ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಡೆಂಕನಮರಡಿಯಲ್ಲಿ ಗೊರವಯ್ಯನು ಬಿಲ್ಲನ್ನೇರಿ ನುಡಿಯುವ ಕಾರ್ಣಿಕವನ್ನು ಕೇಳಲು ಲಕ್ಷಾಂತರ ಜನ ಸೇರುತ್ತಾರೆ. ಒಂದೇ ಸಾಲಿನ ಆ ಮಾತನ್ನು ಹಿಡಿದು, ಈ ವರ್ಷ ಮಳೆ ಹೇಗೆ, ಬೆಳೆ ಹೇಗೆ ಎಂದು ಊರೂರಿನಲ್ಲಿ ಅರ್ಥ ಬಿಡಿಸುತ್ತಾರೆ. ಅದು ಬರಲಿರುವ ವರ್ಷದ ಮಾತು. ಮಳೆಮಾಪಕ ಹೇಳುವುದು ಬಂದುಹೋದ ಮಳೆಯ ಮಾತು. ಒಂದಕ್ಕೊಂದು ಅಡ್ಡಿಯಿಲ್ಲ. ಭಕ್ತಿಯಿಂದ ಕಾರ್ಣಿಕ ಕೇಳಿ ಬಂದವರೂ ಬೆಳಗ್ಗೆ ಎದ್ದು ಮಾಪಕ ನೋಡಬಹುದು.

ನಮ್ಮ ಹಿರಿಯರು ಮಳೆಯನ್ನು ಲೆಕ್ಕವಿಲ್ಲದೆ ಬಿಟ್ಟವರಲ್ಲ. ರೋಹಿಣಿ, ಮೃಗಶಿರ, ಆರಿದ್ರ, ಪುನರ್ವಸು, ಪುಷ್ಯ ಎಂದು ನಕ್ಷತ್ರದ ಮೇಲೆ ಮಳೆಗಳಿಗೆ ಹೆಸರಿಟ್ಟರು. ಸೂರ್ಯನು ಒಂದೊಂದು ನಕ್ಷತ್ರದಲ್ಲಿ 13 ಅಥವಾ 14 ದಿನ ಇರುತ್ತಾನೆ. ಆದುದರಿಂದ ಈ ಮಳೆಗಳು ವರ್ಷವರ್ಷವೂ ಹೆಚ್ಚುಕಡಿಮೆ ಅದೇ ತಾರೀಖಿಗೆ ಕೂಡುತ್ತವೆ. ರೋಹಿಣಿ ಮೇ 25ರ ಸುಮಾರಿಗೆ, ಆರಿದ್ರ ಜೂನ್ 22ರ ಸುಮಾರಿಗೆ, ಮಘೆ ಆಗಸ್ಟ್ 17ರ ಸುಮಾರಿಗೆ ಕೂಡುತ್ತದೆ. "ರೋಹಿಣಿ ಮಳೆಗೆ ಓಣಿಯೆಲ್ಲ ಜೋಳ", "ಮಘೆ ಮಳೆ ಬಂದಷ್ಟು ಒಳ್ಳೇದು, ಮನೆ ಮಗ ಉಂಡಷ್ಟು ಒಳ್ಳೇದು" ಎಂಬ ಗಾದೆಗಳು ತಲೆಮಾರುಗಳ ಅನುಭವವನ್ನು ಕಟ್ಟಿಟ್ಟ ಗಂಟುಗಳು. ಅವು ಮಳೆ ಯಾವಾಗ ಬೇಕು ಎಂಬುದನ್ನು ಚೆನ್ನಾಗಿ ಹೇಳುತ್ತವೆ. ಎಷ್ಟು ಬಂತು ಎಂಬುದನ್ನು ಮಾತ್ರ ಹೇಳುವುದಿಲ್ಲ. ಅದಕ್ಕೆ ಪಾತ್ರೆ ಬೇಕು.

ಪಾತ್ರೆಯ ಕಥೆಯೂ ನಮ್ಮ ದೇಶದಲ್ಲಿ ಬಹಳ ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅರಸನ ಕಣಜದ ಬಳಿ ಒಂದು ಅರತ್ನಿ, ಅಂದರೆ ಸುಮಾರು ಒಂದು ಮೊಳ ಅಗಲದ ಕುಂಡವನ್ನಿಟ್ಟು ಮಳೆ ಅಳೆಯಬೇಕೆಂದು ಹೇಳಿದೆ. ಒಣನಾಡಿಗೆ 16 ದ್ರೋಣ, ನೀರುನಾಡಿಗೆ 24 ದ್ರೋಣ ಎಂದು ನಾಡುನಾಡಿನ ಮಳೆಯ ಪ್ರಮಾಣವನ್ನೂ ಕೊಟ್ಟಿದೆ. ಮಳೆಗಾಲದ ಮೊದಲ ತಿಂಗಳು ಮತ್ತು ಕೊನೆಯ ತಿಂಗಳು ಸೇರಿ ಮೂರರಲ್ಲಿ ಒಂದು ಪಾಲು, ನಡುವಿನ ಎರಡು ತಿಂಗಳಲ್ಲಿ ಎರಡು ಪಾಲು ಮಳೆ ಬಂದರೆ ಅದು ಒಳ್ಳೆಯ ಮಳೆಗಾಲವಂತೆ. ಬಂದ ಮಳೆಯನ್ನು ನೋಡಿ, ಹೆಚ್ಚು ನೀರಿನ ಬೆಳೆ ಬಿತ್ತಬೇಕೋ ಕಡಿಮೆ ನೀರಿನದೋ ಎಂದು ತೀರ್ಮಾನಿಸಬೇಕೆಂಬ ಮಾತೂ ಅಲ್ಲಿದೆ. ನೋಡ್ರಿ, ಇಂದು ನಾವು ಮೆಕ್ಕೆಜೋಳವೋ ಸಜ್ಜೆಯೋ ಎಂದು ತಲೆ ಕೆರೆದುಕೊಳ್ಳುವ ಪ್ರಶ್ನೆ ಆಗಲೂ ಇತ್ತು. ಮುಂದೆ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಮೊಳದಗಲದ ದುಂಡು ಪಾತ್ರೆಯನ್ನೇ ಹೇಳಿ, ಪಲ, ಆಢಕ, ದ್ರೋಣಗಳ ಲೆಕ್ಕ ಕೊಟ್ಟ.

ಆದರೆ ಈ ಅಳತೆಯನ್ನು ದಿನದಿನವೂ, ಊರೂರಿನಲ್ಲೂ, ಒಂದೇ ಬಗೆಯ ಪಾತ್ರೆಯಲ್ಲಿ ನಡೆಸುವ ಕೆಲಸ ಮೊದಲು ಕಾಣುವುದು ಕೊರಿಯಾ ದೇಶದಲ್ಲಿ. ಅಲ್ಲಿಯ ಸೇಜಾಂಗ್ ಎಂಬ ಅರಸನ ಕಾಲದಲ್ಲಿ, 1441ರಲ್ಲಿ, ಮಳೆ ಅಳೆಯುವ ಕೊಳವೆ ರೂಪಿಸಿ ಅದೇ ಅಳತೆಯ ಕೊಳವೆಗಳನ್ನು ಪ್ರಾಂತಪ್ರಾಂತಗಳಿಗೆ ಕಳಿಸಿದರು. ಯೂರೋಪಿನಲ್ಲಿ 1639ರಲ್ಲಿ ಇಟಲಿಯ ಕ್ಯಾಸ್ಟೆಲ್ಲಿ ಎಂಬವನು ಮಳೆ ಅಳೆದ. 1662ರ ಸುಮಾರಿಗೆ ಇಂಗ್ಲೆಂಡಿನ ಕ್ರಿಸ್ಟಫರ್ ರೆನ್ ತುಂಬಿದೊಡನೆ ತಾನೇ ಮಗುಚಿಕೊಳ್ಳುವ ಬಟ್ಟಲಿನ ಮಾಪಕವನ್ನು ಯೋಚಿಸಿದ. ಇಂದು ಬ್ಯಾಟರಿಯ ಮೇಲೆ ನಡೆಯುವ ಮನೆಯ ಯಂತ್ರಗಳಲ್ಲಿ ಒಳಗಿರುವುದು ಈ ಮಗುಚುವ ಬಟ್ಟಲಿನ ವಂಶದ ಕುಡಿಯೇ.

ನಮ್ಮ ತಾಲೂಕು ಕಚೇರಿಗಳ ಆವರಣದಲ್ಲಿ ಬಹುಕಾಲ ನಿಂತಿದ್ದ ಮಾಪಕಕ್ಕೆ ಸೈಮನ್ಸ್ ಮಾಪಕವೆಂದು ಹೆಸರು. ಜಾರ್ಜ್ ಜೇಮ್ಸ್ ಸೈಮನ್ಸ್ ಎಂಬ ಇಂಗ್ಲಿಷಿನವನು 1860ರಲ್ಲಿ ತನ್ನ ದೇಶದ ಮಳೆಯ ಲೆಕ್ಕ ಕೂಡಿಸಲು ಹೊರಟ. ಸರಕಾರದ ದೊಡ್ಡ ಬಲ ಅವನಿಗಿರಲಿಲ್ಲ. ಪಾದ್ರಿಗಳು, ವೈದ್ಯರು, ತೋಟಗಾರರು, ಮನೆವಂದಿಗರು ತಮ್ಮ ತಮ್ಮ ಹಿತ್ತಿಲಲ್ಲಿ ಅಳೆದು ಅವನಿಗೆ ಬರೆದು ಕಳಿಸಿದರು. 1900ರಲ್ಲಿ ಅವನು ತೀರಿಕೊಳ್ಳುವ ಹೊತ್ತಿಗೆ ಹೀಗೆ ಬರೆಯುವವರು ಮೂರು ಸಾವಿರಕ್ಕೂ ಮಿಕ್ಕಿದ್ದರು. ಮನೆಯವರ ಅಳತೆ ಎಂದರೆ ಆಟವಲ್ಲ ಎಂಬುದಕ್ಕೆ ಇದೇ ಸಾಕ್ಷಿ. ಆದರೆ ಅವನು ಒಂದು ವಿಷಯದಲ್ಲಿ ಬಿಗಿಯಾಗಿದ್ದ: ಎಲ್ಲರ ಅಳತೆಯ ಕ್ರಮವೂ ಒಂದೇ ಆಗಿರಬೇಕು.

ಇನ್ನು ನಮ್ಮ ಜಿಲ್ಲೆಯ ಮಾತು. 1800ರಲ್ಲಿ ನಿಜಾಮನಿಂದ ಕಂಪನಿ ಸರಕಾರಕ್ಕೆ ಹೋದ ಬಳ್ಳಾರಿ ಸೀಮೆ, ಮುಂದೆ ಮದ್ರಾಸು ಆಧಿಪತ್ಯದಲ್ಲಿ ಉಳಿಯಿತು. ಇದು ಮಳೆಯ ನೆರಳಿನ ನಾಡು. ಪಡುವಣದ ಗಾಳಿ ತಂದ ಮೋಡ ಸಹ್ಯಾದ್ರಿಯ ಮೇಲೆ ಭಾರ ಇಳಿಸಿ ಬರುತ್ತದೆ. ನಮಗೆ ಉಳಿಯುವುದು ಅಷ್ಟಿಷ್ಟು. ಮಲೆನಾಡಿನ ಮಳೆಗೆ ತುಂಗಭದ್ರೆ ದಡ ಮೀರಿ ಕೆಂಪಗೆ ಹರಿಯುವಾಗಲೂ ದಡದ ಮೇಲಿನ ಹೊಲ ಬಿರುಕು ಬಿಟ್ಟು ನಿಂತಿರುವುದನ್ನು ನೀವು ಕಂಡಿದ್ದೀರಿ. ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ಕಡೆ ಒಂದು ವರ್ಷದ ಮಳೆ ಸಾಮಾನ್ಯವಾಗಿ ಐದಾರು ನೂರು ಮಿಲಿಮೀಟರು. ಇಷ್ಟು ಸಣ್ಣ ಬಂಡವಾಳದಲ್ಲಿ ನೂರು ಮಿಲಿಮೀಟರು ಖೋತಾ ಆದರೂ ಮನೆ ನಡುಗುತ್ತದೆ.

ಆ ನಡುಕ ಎಂಥದೆಂದು ಈ ನಾಡು ಧಾತು ಸಂವತ್ಸರದಲ್ಲಿ ಕಂಡಿತು. 1876ರಲ್ಲಿ ಮಳೆ ಕೈಕೊಟ್ಟಿತು. 1878ರವರೆಗೆ ನಡೆದ ಆ ಕ್ಷಾಮದಲ್ಲಿ ಬಳ್ಳಾರಿ ಜಿಲ್ಲೆ ಮದ್ರಾಸು ಆಧಿಪತ್ಯದಲ್ಲೇ ಬಹಳ ನೊಂದ ಜಿಲ್ಲೆಗಳಲ್ಲೊಂದು. ಪಕ್ಕದ ಮೈಸೂರು ಸಂಸ್ಥಾನವೂ ಉಳಿಯಲಿಲ್ಲ. ದಕ್ಷಿಣದಲ್ಲಿ ಸತ್ತವರ ಎಣಿಕೆ ಲಕ್ಷಲಕ್ಷ. ಅದಕ್ಕೂ ಹಿಂದೆ, 1791-92ರಲ್ಲಿ, ಉತ್ತರದ ಕನ್ನಡ ಸೀಮೆಯಲ್ಲಿ ಬಂದ ಬರಕ್ಕೆ ತಲೆಬುರುಡೆಯ ಬರವೆಂದೇ ಹೆಸರಾಗಿತ್ತು. ಹೂಳುವವರಿಲ್ಲದೆ ಬುರುಡೆಗಳು ಬಯಲಲ್ಲಿ ಉಳಿದಿದ್ದವಂತೆ. ಈ ಎರಡಕ್ಕೂ ನಡುವೆ ಒಂದು ವ್ಯತ್ಯಾಸವುಂಟು. ಹಿಂದಿನ ಬರದಲ್ಲಿ ಎಷ್ಟು ಮಳೆ ತಪ್ಪಿತು ಎಂದು ಕೇಳಿದರೆ ಉತ್ತರವಿಲ್ಲ. 1876ರ ಹೊತ್ತಿಗೆ ಮಳೆಯನ್ನು ಅಂಕಿಯಲ್ಲಿ ಬರೆಯುವ ಪದ್ಧತಿ ಬಂದಿತ್ತು. ಅಂಕಿಯಿಂದ ಹಸಿದವನ ಹೊಟ್ಟೆ ತುಂಬಲಿಲ್ಲ, ನಿಜ. ಅಂಕಿ ಇದ್ದೂ ಸರಕಾರ ಕೈ ಬಿಗಿಹಿಡಿಯಿತು. 1877ರಲ್ಲಿ ಕ್ಷಾಮದ ಕಾಮಗಾರಿಯ ಆಳಿಗೆ ದಿನಕ್ಕೆ ಒಂದು ಪೌಂಡು, ಅಂದರೆ ಅರ್ಧ ಕಿಲೋಗಿಂತಲೂ ಕಡಿಮೆ ಧಾನ್ಯದ ಕೂಲಿ ಗೊತ್ತುಮಾಡಿತು. ಆದರೆ ಆಮೇಲೆ 1880ರ ಕ್ಷಾಮ ಆಯೋಗವು ವಿಚಾರಣೆಗೆ ಕುಳಿತಾಗ, ಮುಂದೆ ಬರದ ನಿಯಮಗಳನ್ನು ಬರೆಯುವಾಗ, ಮಳೆಯ ಅಂಕಿ ಸಾಕ್ಷಿಯಾಗಿ ನಿಂತಿತು. ಬರೆದಿಟ್ಟ ಸಾಕ್ಷಿಯನ್ನು ಯಾರೂ "ನಿನಗೆ ಮರೆವು" ಎಂದು ತಳ್ಳಿಹಾಕಲಾರರು.

ಇದೇ ಕಾಲದಲ್ಲಿ, 1875ರಲ್ಲಿ, ಭಾರತದ ಹವಾಮಾನ ಇಲಾಖೆ ಹುಟ್ಟಿತು. 1864ರಲ್ಲಿ ಕಲ್ಕತ್ತೆಯನ್ನು ಹೊಡೆದ ಚಂಡಮಾರುತ, ಅದರ ಬೆನ್ನಿಗೇ 1866ರ ಕ್ಷಾಮ, ಇವು ಅದಕ್ಕೆ ಕಾರಣ. ಹೆನ್ರಿ ಬ್ಲಾನ್‌ಫರ್ಡ್ ಅದರ ಮೊದಲ ಮುಖ್ಯಸ್ಥ. ಮೈಸೂರು ಸಂಸ್ಥಾನದಲ್ಲಿ 1890ರ ದಶಕದಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಜಾನ್ ಕುಕ್ ಎಂಬವರ ಮೇಲ್ವಿಚಾರಣೆಯಲ್ಲಿ ಹವಾಮಾನ ವೀಕ್ಷಣೆ ಕ್ರಮಕ್ಕೆ ಬಂತು. 1904ರಲ್ಲಿ ಡಬ್ಲ್ಯು. ಫ್ರಾನ್ಸಿಸ್ ಬರೆದ ಬಳ್ಳಾರಿ ಗೆಜೆಟಿಯರು ಅಚ್ಚಾಯಿತು. 1906ರಲ್ಲಿ ಬಳ್ಳಾರಿಯ ಹತ್ತಿರ ಹಗರಿಯಲ್ಲಿ ಕೃಷಿ ಸಂಶೋಧನಾ ಕ್ಷೇತ್ರ ನೆಲೆಗೊಂಡಿತು. 1930ರ ದಶಕದಲ್ಲಿ ಸೊಲ್ಲಾಪುರ, ಬಿಜಾಪುರ, ರಾಯಚೂರುಗಳ ಜೊತೆಗೆ ಹಗರಿಯಲ್ಲೂ ಒಣಬೇಸಾಯದ ಪ್ರಯೋಗಗಳು ನಡೆದವು. ಬದು ಹಾಕಿದರೆ ಎಷ್ಟು ನೀರು ನಿಂತಿತು, ಸಾಲು ಅಗಲಿಸಿದರೆ ಪೈರು ಎಷ್ಟು ತಡೆಯಿತು ಎಂದು ಹೇಳಬೇಕಾದರೆ ಮೊದಲು ಬಿದ್ದ ಮಳೆ ಎಷ್ಟು ಎಂದು ಗೊತ್ತಿರಬೇಕಲ್ಲವೆ? 1932ರಲ್ಲಿ ಪುಣೆಯಲ್ಲಿ ಕೃಷಿ ಹವಾಮಾನದ ವಿಭಾಗ ತೆರೆಯಿತು. 1945ರಿಂದ ರೈತರಿಗಾಗಿ ಹವಾಮಾನದ ವರದಿ ಆಕಾಶವಾಣಿಯಲ್ಲಿ ಬರತೊಡಗಿತು. 1950ರಲ್ಲಿ ಧಾರವಾಡ ಕೇಂದ್ರ ಆರಂಭವಾಗಿ ಕನ್ನಡದ ದನಿ ಈ ಭಾಗದ ಹಳ್ಳಿಗಳಿಗೆ ಹತ್ತಿರವಾಯಿತು.

ಆಮೇಲೆ ಸರಕಾರಗಳು ಬದಲಾದವು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮದ್ರಾಸಿನಿಂದ ಮೈಸೂರಿಗೆ ಬಂತು. 1956ರಲ್ಲಿ ಕನ್ನಡ ನಾಡು ಒಂದಾಯಿತು, 1973ರಲ್ಲಿ ಕರ್ನಾಟಕವಾಯಿತು. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಹೋಗಿ 2018ರಲ್ಲಿ ಬಳ್ಳಾರಿಗೆ ಮರಳಿತು. 2021ರಲ್ಲಿ ಹಡಗಲಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ, ಹೊಸಪೇಟೆ ಸೇರಿ ವಿಜಯನಗರ ಜಿಲ್ಲೆಯಾಯಿತು. ಕಚೇರಿಯ ಹಲಗೆಯ ಮೇಲಿನ ಹೆಸರು ಎಷ್ಟು ಸಲ ಬದಲಾದರೂ ಮಳೆಯ ಸಾಲು ಒಂದೇ ಆಗಿ ಮುಂದುವರಿಯಬೇಕು. ಆಗಲೇ "ನಮ್ಮ ಅಜ್ಜನ ಕಾಲಕ್ಕಿಂತ ಈಗ ಮಳೆ ಕಡಿಮೆಯೋ, ಅಲ್ಲ ದಿನ ಕಡಿಮೆಯಾಗಿ ಒಮ್ಮೆಲೆ ಸುರಿಯುವುದು ಹೆಚ್ಚೋ" ಎಂಬ ಪ್ರಶ್ನೆಗೆ ಉತ್ತರ ಸಿಕ್ಕೀತು.

ಈ ಸಾಲಿನಲ್ಲಿ ಎರಡು ದೊಡ್ಡ ಬದಲಾವಣೆಗಳು ಆದವು. ಮೊದಲನೆಯದು ಅಳತೆಯದು. ಹಿಂದೆ ಮಳೆ ಇಂಚು, ಸೆಂಟುಗಳಲ್ಲಿತ್ತು. ನೂರು ಸೆಂಟಿಗೆ ಒಂದು ಇಂಚು. 1956ರ ತೂಕ ಮತ್ತು ಅಳತೆಯ ಕಾನೂನಿನ ನಂತರ ಮೆಟ್ರಿಕ್ ಪದ್ಧತಿ ಬಂದು ಮಿಲಿಮೀಟರು ನೆಲೆಯಾಯಿತು. ಒಂದು ಇಂಚಿಗೆ 25.4 ಮಿಲಿಮೀಟರು. ಇದು ಬರೇ ಗುಣಾಕಾರ, ಹೆದರಬೇಕಿಲ್ಲ.

ಎರಡನೆಯದು ಪಾತ್ರೆಯದು. ಇದೇ ನಮ್ಮ ಇಂದಿನ ವಿಷಯದ ಹುರುಳು. ಸೈಮನ್ಸ್ ಮಾಪಕದ ಬಾಯಿ 5 ಇಂಚು ಅಗಲ. ಅಂದರೆ ಅದರ ಬಾಯಿಯ ವಿಸ್ತೀರ್ಣ ಸುಮಾರು 127 ಚದರ ಸೆಂಟಿಮೀಟರು. ಮುಂದೆ ಬಂದ ಫೈಬರ್ ಗಾಜಿನ ಮಾಪಕಗಳ ಬಾಯಿ 200 ಅಥವಾ 100 ಚದರ ಸೆಂಟಿಮೀಟರು. ಪ್ರತಿಯೊಂದು ಮಾಪಕಕ್ಕೂ ಅದರದೇ ಅಳತೆಯ ಗಾಜು ಉಂಟು. ಈಗ ಒಂದು ಲೆಕ್ಕ ನೋಡಿ. ನಿಜವಾಗಿ 20 ಮಿಲಿಮೀಟರು ಮಳೆ ಬಿತ್ತು. 200 ಚದರ ಸೆಂಟಿಮೀಟರಿನ ಹೊಸ ಮಾಪಕದಲ್ಲಿ 400 ಮಿಲಿಲೀಟರು ನೀರು ಕೂಡಿತು. ಮನೆಯವರು ಹಳೆಯ ಮಾಪಕದ ಗಾಜು ಚೆನ್ನಾಗಿಯೇ ಇದೆಯಲ್ಲ ಎಂದು ಅದರಲ್ಲೇ ಅಳೆದರು. ಅದು ಎಷ್ಟು ತೋರಿಸುತ್ತದೆ? 31 ಮಿಲಿಮೀಟರಿಗೂ ಮೇಲೆ! ಆಕಾಶ ಕೊಟ್ಟದ್ದು 20, ಪುಸ್ತಕದಲ್ಲಿ ಬಿದ್ದದ್ದು 31. ಅದೇ 100 ಚದರ ಸೆಂಟಿಮೀಟರಿನ ಮಾಪಕವಾದರೆ 20ರ ಬದಲು 16ಕ್ಕೂ ಕಡಿಮೆ ಕಾಣುತ್ತದೆ. ನಾಲ್ಕು ವರ್ಷ ಕಳೆದ ಮೇಲೆ ಪುಸ್ತಕ ತೆಗೆದು ನೋಡಿದವನು "ಓಹೋ, ಆ ವರ್ಷದಿಂದ ಮಳೆ ಜಾಸ್ತಿ ಆಗಿದೆ" ಎಂದುಕೊಳ್ಳುತ್ತಾನೆ. ಮಳೆ ಜಾಸ್ತಿ ಆಗಿಲ್ಲ ಸ್ವಾಮಿ, ಗಾಜು ಅದಲುಬದಲಾಗಿದೆ.

ಇದರಲ್ಲಿ ಏನು ಮುಳುಗಿಹೋಯಿತು ಎನ್ನುತ್ತೀರಾ? ಹೇಳುತ್ತೇನೆ. 1988ರಲ್ಲಿ ಕರ್ನಾಟಕದಲ್ಲಿ ಬರ ನಿರ್ವಹಣೆಗೆ ಒಂದು ಕೋಶ ಆರಂಭವಾಯಿತು. ಅದೇ ಮುಂದೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೆಂದು ಹೆಸರಾಯಿತು. ಅದು ಹೋಬಳಿಗಳಲ್ಲಿ ಹವಾಮಾನ ಕೇಂದ್ರಗಳನ್ನೂ, ಗ್ರಾಮ ಪಂಚಾಯಿತಿಗಳಲ್ಲಿ ಆರು ಸಾವಿರಕ್ಕೂ ಮಿಕ್ಕಿ ಸ್ವಯಂಚಾಲಿತ ಮಳೆಮಾಪಕಗಳನ್ನೂ ನಿಲ್ಲಿಸಿತು. 2007ರಲ್ಲಿ ನಮ್ಮ ರಾಜ್ಯದಲ್ಲಿ ಹವಾಮಾನ ಆಧಾರಿತ ಬೆಳೆ ವಿಮೆಯ ಪ್ರಯೋಗ ಆರಂಭವಾಯಿತು. ಅಲ್ಲಿ ಬೆಳೆಯನ್ನು ಕೊಯ್ದು ನೋಡುವುದಿಲ್ಲ; ಮಾಪಕದ ಅಂಕಿ ನೋಡಿ ಹಣ ಕೊಡುತ್ತಾರೆ. ಹಿಂದೆ ಆಣೆವಾರಿ ಎಂದು ಹದಿನಾರಾಣೆಗೆ ಎಷ್ಟಾಣೆ ಬೆಳೆ ಎಂದು ಕಣ್ಣಂದಾಜು ಮಾಡುತ್ತಿದ್ದರು. ಈಗ ಬರ ಸಾರುವಾಗ ವಾರವಾರದ ಮಳೆಯ ಕೊರತೆಯನ್ನೂ, ಮೂರು ನಾಲ್ಕು ವಾರ ಒಣಗಿದ್ದನ್ನೂ ಅಂಕಿಯಲ್ಲೇ ನೋಡುತ್ತಾರೆ. 2023ರಲ್ಲಿ ರಾಜ್ಯದ 223 ತಾಲೂಕುಗಳನ್ನು ಬರಪೀಡಿತವೆಂದು ಸಾರಿದಾಗ ಮೊದಲು ತೂಗಿ ನೋಡಿದ್ದು ಮಳೆಯ ಅಂಕಿಯನ್ನೇ. ಅಂದ ಮೇಲೆ ಅಂಕಿ ಎಂಬುದು ರೈತನ ಪಹಣಿ ಇದ್ದ ಹಾಗೆ. ನಿಮ್ಮ ಮನೆಯ ಮಾಪಕದ ಅಂಕಿಯ ಮೇಲೆ ವಿಮೆಯವರು ಹಣ ಕೊಡುವುದಿಲ್ಲ, ನಿಜ. ಆದರೆ ಪಂಚಾಯಿತಿಯ ಯಂತ್ರವೂ ಯಂತ್ರವೇ. ಅದಕ್ಕೂ ಮುಪ್ಪು ಬರುತ್ತದೆ, ಬ್ಯಾಟರಿ ಇಳಿಯುತ್ತದೆ, ಜೇಡ ಗೂಡು ಕಟ್ಟುತ್ತದೆ. "ನಮ್ಮ ಹೊಲದಲ್ಲಿ ಹನಿಯಿಲ್ಲ, ಯಂತ್ರ ಮಾತ್ರ ಮಳೆ ಎನ್ನುತ್ತಿದೆ" ಎಂದು ದೂರುವ ದಿನ ಬಂದಾಗ, ಕ್ರಮವಾಗಿ ಬರೆದ ಹತ್ತು ಮನೆಗಳ ಪುಸ್ತಕ ಒಂದೇ ಮಾತು ಹೇಳಿದರೆ ಆ ದೂರಿಗೆ ತೂಕ ಬರುತ್ತದೆ. ಪುಸ್ತಕವಿಲ್ಲದ ದೂರು ಗಾಳಿಗೆ ಹೋದ ಹೊಟ್ಟು.

ಹಾಗಾದರೆ ಯಾವುದನ್ನು ತರಬೇಕು? ಮೊದಲು, ನಿಮಗೆ ಏನು ಬೇಕು ಎಂಬುದನ್ನು ಮನೆಯಲ್ಲೇ ಕುಳಿತು ತೀರ್ಮಾನಿಸಿ. ಜೋಳ, ಸಜ್ಜೆ, ಶೇಂಗಾ, ಮೆಕ್ಕೆಜೋಳದ ಒಣಬೇಸಾಯದ ಮನೆಗೆ ಮುಖ್ಯವಾಗಿ ಬೇಕಾದುದು ಮಳೆಯ ಅಂಕಿ. ಅದಕ್ಕೆ ಸಾದಾ ಮಾಪಕವೇ ಸಾಕು. ಅದಕ್ಕೆ ಬ್ಯಾಟರಿ ಬೇಡ, ರಿಪೇರಿಯವನು ಬೇಡ. ಬೆಳಗ್ಗೆ ಎದ್ದು ನೋಡುವ ಒಬ್ಬರು ಬೇಕು, ಅಷ್ಟೆ. ನೇರ ಗೋಡೆಯ ಡಬ್ಬಿಯಾದರೂ ನಡೆದೀತು. ಬಾಯಿಯಿಂದ ತಳದವರೆಗೆ ಒಂದೇ ಅಗಲವಿದ್ದರೆ, ಆ ಅಗಲ ಎಷ್ಟೇ ಇರಲಿ, ಒಳಗೆ ನಿಂತ ನೀರಿನ ಆಳವೇ ಬಿದ್ದ ಮಳೆ. ಒರಳು ಈ ಕೆಲಸಕ್ಕೆ ಬಾರದು, ಏಕೆಂದರೆ ಅದರ ಬಾಯಿ ಅಗಲ, ತಳ ಕಿರಿದು. ಸಣ್ಣ ಮಳೆಯನ್ನೂ ದೊಡ್ಡದಾಗಿ ತೋರಿಸುತ್ತದೆ. ಆದರೆ ತೆರೆದ ಡಬ್ಬಿಯಲ್ಲಿ ನೀರು ಆರಿಹೋಗುತ್ತದೆ. ಆಲಿಕೆಯ ಬಾಯಿ, ಒಳಗೊಂದು ಸೀಸೆ ಇರುವ ಮಾಪಕ ಮೇಲು.

ದಾಳಿಂಬೆ, ಈರುಳ್ಳಿ, ಮಲ್ಲಿಗೆ, ಎಲೆಬಳ್ಳಿ ಬೆಳೆಯುವ ಮನೆಗೆ ಗಾಳಿಯ ತೇವ, ಸೆಕೆ, ಎಲೆ ಎಷ್ಟು ಹೊತ್ತು ಒದ್ದೆಯಿತ್ತು ಎಂಬುದೂ ರೋಗದ ಸುಳಿವು ಕೊಡುತ್ತದೆ. ಔಷಧ ಹೊಡೆಯುವ ದಿನಕ್ಕೆ ಗಾಳಿಯ ವೇಗವೂ ಬೇಕು. ಅಂಥವರು ವಿದ್ಯುನ್ಮಾನ ಕೇಂದ್ರ ತರಬಹುದು. ಆದರೆ ಹಣ ಕೊಡುವ ಮೊದಲು ನಾಲ್ಕು ಮಾತು ಕೇಳಿ. ಮಗುಚುವ ಬಟ್ಟಲು ಒಂದು ಸಲಕ್ಕೆ ಎಷ್ಟು ಮಿಲಿಮೀಟರು ಎಣಿಸುತ್ತದೆ? ಬಟ್ಟಲನ್ನು ಬಿಚ್ಚಿ ತೊಳೆಯಲು ಬರುತ್ತದೆಯೇ? ಒಂದು ಭಾಗ ಕೆಟ್ಟರೆ ಆ ಭಾಗವೊಂದೇ ಸಿಗುತ್ತದೆಯೋ, ಇಡೀ ಯಂತ್ರವನ್ನೇ ಎಸೆಯಬೇಕೋ? ವಿದ್ಯುತ್ತು, ಇಂಟರ್ನೆಟ್ಟು ಇಲ್ಲದ ದಿನ ಅಂಕಿಗಳು ಯಂತ್ರದೊಳಗೇ ಉಳಿಯುತ್ತವೆಯೇ? ನಾಲ್ಕಕ್ಕೂ ನೇರ ಉತ್ತರ ಬರದಿದ್ದರೆ ಬೇರೆ ಅಂಗಡಿ ನೋಡಿ.

ಇನ್ನೊಂದು ಗುಟ್ಟು. ಮಗುಚುವ ಬಟ್ಟಲಿನ ಮಾಪಕ ಬಿರುಸು ಮಳೆಯಲ್ಲಿ ಕಡಿಮೆ ಎಣಿಸುತ್ತದೆ. ಬಟ್ಟಲು ಮಗುಚುವಷ್ಟರಲ್ಲಿ ಬಿದ್ದ ನೀರು ಲೆಕ್ಕಕ್ಕೆ ಸಿಗುವುದಿಲ್ಲ. 2009ರ ಸೆಪ್ಟೆಂಬರ್ ಕೊನೆಗೆ, ಅಕ್ಟೋಬರ್ ಮೊದಲಿಗೆ ಉತ್ತರ ಕರ್ನಾಟಕವನ್ನು ಮುಳುಗಿಸಿದಂಥ ಮಳೆ ಬಂದರೆ ಈ ಕೊರತೆ ದೊಡ್ಡದಾಗುತ್ತದೆ. ಆದುದರಿಂದ ವಿದ್ಯುನ್ಮಾನ ಯಂತ್ರ ತಂದವರೂ ಪಕ್ಕದಲ್ಲಿ ಒಂದು ಸಾದಾ ಮಾಪಕ ಇಟ್ಟುಕೊಳ್ಳಿ. ಯಂತ್ರವನ್ನು ವರ್ಷಕ್ಕೊಮ್ಮೆ, ರೋಹಿಣಿಗೆ ಮೊದಲು, ಪರೀಕ್ಷಿಸಿ. 200 ಚದರ ಸೆಂಟಿಮೀಟರಿನ ಬಾಯಿಯಾದರೆ 200 ಮಿಲಿಲೀಟರು ನೀರನ್ನು ಅರ್ಧ ಗಂಟೆಯ ಮೇಲೆ ಹನಿಹನಿಯಾಗಿ ಬಿಡಿ. ಅದು 10 ಮಿಲಿಮೀಟರಿನ ಆಸುಪಾಸು ತೋರಿಸಬೇಕು. 8 ತೋರಿಸಿದರೆ ಒಳಗೆ ಬೇವಿನ ಎಲೆಯೋ ಇರುವೆಯ ಗೂಡೋ ಇರುತ್ತದೆ.

ಮಾಪಕ ಎಲ್ಲಿರಬೇಕು? ಮಾಳಿಗೆಯ ಮೇಲೆ ಬೇಡ. ಅಲ್ಲಿ ಗಾಳಿ ಹನಿಯನ್ನು ಆಚೆಗೆ ಒಯ್ಯುತ್ತದೆ. ಬಯಲಲ್ಲಿ, ಮರ ಗೋಡೆಗಳ ಎತ್ತರದ ಎರಡು ಪಟ್ಟಾದರೂ ದೂರದಲ್ಲಿ, ಬಾಯಿ ನೆಲದಿಂದ 30 ಸೆಂಟಿಮೀಟರು ಮೇಲೆ ಸಮನಾಗಿರುವಂತೆ ನೆಡಿ. ಆಡು ಕುರಿ ಬಾರದಂತೆ ಮುಳ್ಳಿನ ಬೇಲಿ ಇರಲಿ. ಸೆಕೆ ಅಳೆಯುವ ಭಾಗ ಬಿಸಿಲಿಗೆ ನೇರವಾಗಿ ಬೀಳಬಾರದು. ಬಿಳಿಯ ಸಂದುಗಳ ಗೂಡಿನಲ್ಲಿ ಎದೆಯೆತ್ತರಕ್ಕೆ ಇರಬೇಕು. ದಿನವೂ ಬೆಳಗ್ಗೆ ಎಂಟೂವರೆಗೆ ನೋಡಿ ಬರೆಯಿರಿ. ಇಲಾಖೆಯವರ ಹೊತ್ತೂ ಅದೇ. ಮಳೆ ಇಲ್ಲದ ದಿನ ಸೊನ್ನೆ ಬರೆಯಿರಿ. ಖಾಲಿ ಬಿಟ್ಟರೆ ಮಳೆ ಇರಲಿಲ್ಲವೋ, ನೀವು ಊರಲ್ಲಿರಲಿಲ್ಲವೋ ತಿಳಿಯದು. ಪಕ್ಕದಲ್ಲಿ ನಕ್ಷತ್ರದ ಹೆಸರನ್ನೂ ಬರೆಯಿರಿ. ಅಜ್ಜನ ಗಾದೆಯನ್ನು ಮೊಮ್ಮಗಳು ಅಂಕಿಯ ಮೇಲೆ ತೂಗಿ ನೋಡಬಹುದು.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದದ್ದು. ಹೊಸದು ಬಂದ ದಿನವೇ ಹಳೆಯದನ್ನು ಗುಜರಿಗೆ ಹಾಕಬೇಡಿ. ಅದು ಇನ್ನೂ ನೀರು ಹಿಡಿಯುತ್ತಿದ್ದರೆ ಎರಡನ್ನೂ ಹತ್ತಿರ ಹತ್ತಿರ ಇಟ್ಟು ಒಂದು ಪೂರ್ತಿ ವರ್ಷ, ಅದಾಗದಿದ್ದರೆ ಒಂದು ಮುಂಗಾರು ಒಂದು ಹಿಂಗಾರು, ಎರಡರ ಅಂಕಿಯನ್ನೂ ಬರೆಯಿರಿ. ವರ್ಷದ ಕೊನೆಗೆ ಕೂಡಿಸಿ ನೋಡಿ. ಹಳೆಯದು 500 ತೋರಿಸಿದಾಗ ಹೊಸದು 540 ತೋರಿಸಿದರೆ, ಆ ಅಂತರವನ್ನು ಪುಸ್ತಕದ ಮೊದಲ ಪುಟದಲ್ಲಿ, ಮಾಪಕ ಬದಲಾದ ತಾರೀಖಿನ ಜೊತೆಗೆ ಬರೆದಿಡಿ. ದನದ ಕೊಟ್ಟಿಗೆಗೆ ಹೊಸ ಆಕಳು ಬಂದಾಗ ಹಳೆಯದರ ಪಕ್ಕದಲ್ಲಿ ಕಟ್ಟಿ ಹೊಂದಿಸುವುದಿಲ್ಲವೆ? ಇದೂ ಹಾಗೆಯೇ.

ಒಂದು ಎಕರೆಗೆ 25 ಮಿಲಿಮೀಟರು ಮಳೆ ಬಿತ್ತೆಂದರೆ ಒಂದು ಲಕ್ಷ ಲೀಟರು ನೀರು ಬಿತ್ತೆಂದು ಅರ್ಥ. ಇಷ್ಟು ದೊಡ್ಡ ಸಂಪತ್ತು ಆಕಾಶದಿಂದ ಮನೆಗೆ ಬರುವಾಗ ಜಮಾ ಬರೆದುಕೊಳ್ಳುವವರು ಬೇಡವೆ? ಬಾಣಂತಿಯ ಖರ್ಚು, ಬೀಜದ ಸಾಲ, ಹಾಲಿನ ಲೆಕ್ಕ ಎಲ್ಲವನ್ನೂ ಗೋಡೆಯ ಮೇಲೆ ಗೀಟು ಹಾಕಿಯಾದರೂ ಇಟ್ಟುಕೊಂಡ ತಾಯಂದಿರು ನಮ್ಮಲ್ಲಿದ್ದಾರೆ. ಮಳೆಯ ಪುಸ್ತಕವನ್ನು ಅವರ ಕೈಗೆ ಕೊಡಿ, ಶಾಲೆಗೆ ಹೋಗುವ ಮಕ್ಕಳ ಕೈಗೆ ಕೊಡಿ. ಯಂತ್ರ ಹತ್ತು ವರ್ಷಕ್ಕೆ ಮುಪ್ಪಾಗುತ್ತದೆ, ಹೋಗಲಿ. ಪುಸ್ತಕ ಮುಪ್ಪಾದಷ್ಟೂ ಬೆಲೆ ಹೆಚ್ಚು.

ಈ ಮುಂಗಾರು ನಿಮ್ಮೆಲ್ಲರ ಹೊಲಕ್ಕೂ ಹದವಾಗಿ ಬರಲಿ. ಬಂದದ್ದನ್ನು ಬರೆದಿಡಿ.